ಮೌಂಟೇನ್ ಬೈಕ್ ಚಕ್ರ ಟ್ಯೂಬ್‌ಲೆಸ್ ಮಾಡಿಸಬೇಕೇ? ಮೈಸೂರು, ಮಂಡ್ಯದ ಮುಳ್ಳುದಾರಿ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯ ಸುತ್ತಿನ ಮಣ್ಣುದಾರಿಯಲ್ಲಿ ಮೌಂಟೇನ್ ಬೈಕ್ ಓಡಿಸುವವರಿಗೆ ಪಂಕ್ಚರ್ ಆಗುವುದು ಬಹುಪಾಲು ಮುಳ್ಳಿನಿಂದಲೇ. ನಾಲೆ ಏರಿಯ ಮೇಲೆ ನೆಗ್ಗಿಲು ಹಬ್ಬಿರುತ್ತದೆ. ಮಳೆಗಾಲದಲ್ಲಿ ಅದರ ಪುಟ್ಟ ಹಳದಿ ಹೂವು ನೋಡೋಕೆ ಚೆನ್ನಾಗಿರುತ್ತದೆ. ಮಳೆ ನಿಂತು ಬಳ್ಳಿ ಒಣಗಿದ ಮೇಲೆ ಒಂದೊಂದು ಕಾಯಿಯೂ ಐದು ಚೂರಾಗಿ ಒಡೆಯುತ್ತದೆ. ಆ ಚೂರು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನಿಂತಿರುತ್ತದೆ. ಇದರ ಜೊತೆಗೆ ಜಾಲಿ ಬೇರೆ. ಹೊಲದ ಬೇಲಿಗೆ ಕಡಿದು ಹಾಕಿದ ಕೊಂಬೆಗಳಿಂದ ಮುರಿದ ಚೂರುಗಳು ಟ್ರ್ಯಾಕ್ಟರ್ ಓಡಾಡಿದಂತೆಲ್ಲ ದಾರಿ ತುಂಬ ಹರಡಿಕೊಳ್ಳುತ್ತವೆ.

ಟ್ಯೂಬ್‌ಲೆಸ್ ಮಾಡಿಸಿದರೆ, ಅಂದರೆ ಒಳಗಿನ ಟ್ಯೂಬು ತೆಗೆದು ಟೈರಿನಲ್ಲೇ ಗಾಳಿ ನಿಲ್ಲುವಂತೆ ಮಾಡಿಸಿದರೆ, ಲಾಭವಾ ಎಂದು ಕೇಳುವವರಿಗೆ ನನ್ನ ಉತ್ತರ ಇದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ, ವರುಣಾ ನಾಲೆ ಪಕ್ಕದ ದಾರಿ, ಕರಿಘಟ್ಟ, ಕುಂತಿಬೆಟ್ಟ, ಮೇಲುಕೋಟೆ ಕಡೆಯ ಕಲ್ಲುಮಣ್ಣಿನ ಹಾದಿಗಳಲ್ಲಿ ನೀವು ವಾರ ವಾರ ಓಡಿಸುತ್ತೀರಿ, ನಿಮ್ಮ ರಿಮ್ಮು ಅದಕ್ಕೆ ಒಗ್ಗುತ್ತದೆ ಎಂದಾದರೆ ಯೋಚನೆ ಮಾಡಬೇಡಿ, ಮಾಡಿಸಿ. ಮೌಂಟೇನ್ ಬೈಕ್ ಇದ್ದರೂ ಓಡಿಸುವುದು ರಿಂಗ್ ರಸ್ತೆ ಮತ್ತು ಚಾಮುಂಡಿ ಬೆಟ್ಟದ ಡಾಂಬರು ರಸ್ತೆಯಲ್ಲಿ ಮಾತ್ರ ಎಂದಾದರೆ ಬೇಡ. ಆ ದುಡ್ಡಲ್ಲಿ ಒಳ್ಳೆಯ ಟೈರು ತಗೊಳ್ಳಿ. ತಿಂಗಳುಗಟ್ಟಲೆ ಮನೆಯಲ್ಲೇ ನಿಲ್ಲುವ ಸೈಕಲ್‌ಗಂತೂ ಖಂಡಿತ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಟ್ಯೂಬು ಇಲ್ಲದೆ ಗಾಳಿ ನಿಲ್ಲುವುದು ಹೇಗೆ

ನಮ್ಮ ಸ್ಕೂಟರ್‌ಗಳಲ್ಲಿ ಟ್ಯೂಬ್‌ಲೆಸ್ ಬಂದು ಎಷ್ಟೋ ಕಾಲವಾಯಿತು. ಹಾಗಿದ್ದರೆ ಸೈಕಲ್‌ಗೆ ಯಾಕೆ ಇಷ್ಟೊಂದು ರಗಳೆ ಅಂತ ಕೇಳಬಹುದು. ಸ್ಕೂಟರ್‌ನ ಚಕ್ರದಲ್ಲಿ ಕಡ್ಡಿ ಇಲ್ಲ, ರಿಮ್ಮಿನಲ್ಲಿ ತೂತಿಲ್ಲ. ಸೈಕಲ್ ರಿಮ್ಮಿನಲ್ಲಿ ಸಾಮಾನ್ಯವಾಗಿ 28 ಅಥವಾ 32 ಕಡ್ಡಿಗಳ ತೂತು ಇರುತ್ತವೆ. ಆ ತೂತುಗಳನ್ನೆಲ್ಲ ಗಾಳಿಯಾಡದ ಟೇಪಿನಿಂದ ಮುಚ್ಚಬೇಕು. ಇನ್ನು ಸೈಕಲ್ ಟೈರು ತೆಳು. ಅದರ ಪಕ್ಕದ ಗೋಡೆಯಿಂದಲೂ ಗಾಳಿ ಸಣ್ಣಗೆ ಸೋರುತ್ತದೆ. ಅದಕ್ಕೆ ಒಳಗೆ ಸೀಲಂಟ್ ಎಂಬ, ತೂತು ಮುಚ್ಚುವ ದ್ರವ ಹಾಕಬೇಕು. ಮೌಂಟೇನ್ ಬೈಕಿಗೆ ಟ್ಯೂಬ್‌ಲೆಸ್ ಪದ್ಧತಿ ಬಂದಿದ್ದು 1999ರಲ್ಲಿ. ಫ್ರಾನ್ಸಿನ ಮಾವಿಕ್, ಹಚಿನ್ಸನ್ ಮತ್ತು ಮಿಶೆಲಿನ್ ಸೇರಿ ತಂದ ಆ ಯುಎಸ್‌ಟಿ ಪದ್ಧತಿಯಲ್ಲಿ ರಿಮ್ಮಿನ ಒಳಪದರಕ್ಕೆ ತೂತೇ ಇರಲಿಲ್ಲ, ಟೈರೂ ದಪ್ಪ, ತೂಕವೂ ಜಾಸ್ತಿ. ಈಗ ಎಲ್ಲರೂ ಬಳಸುವುದು ಟೇಪು ಮತ್ತು ಸೀಲಂಟ್‌ನ ದಾರಿ.

ಸೀಲಂಟ್ ಎಂದರೆ ಮಜ್ಜಿಗೆಯಂತೆ ತೆಳ್ಳಗಿರುವ ರಬ್ಬರ್ ಹಾಲು, ಅಂದರೆ ಲೇಟೆಕ್ಸ್. ಅದರಲ್ಲಿ ಸಣ್ಣ ಸಣ್ಣ ನಾರು, ಕಣಗಳು ತೇಲುತ್ತಿರುತ್ತವೆ. ಮುಳ್ಳು ಚುಚ್ಚಿದಾಗ ಗಾಳಿ ಆ ತೂತಿನತ್ತ ನುಗ್ಗುತ್ತದೆ. ಅದರ ಜೊತೆ ಸೀಲಂಟೂ ಹೋಗುತ್ತದೆ. ತೂತಿನಲ್ಲಿ ಕಣಗಳು ಸಿಕ್ಕಿಕೊಂಡು, ಲೇಟೆಕ್ಸ್ ಗಟ್ಟಿಯಾಗಿ, ತೂತು ಮುಚ್ಚುತ್ತದೆ. ನೆಗ್ಗಿಲು ಮುಳ್ಳಿನ ತೂತು ಎರಡು ಮಿ.ಮೀ.ಗಿಂತ ಚಿಕ್ಕದು. ಸೀಲಂಟ್‌ಗೆ ಅದು ಲೆಕ್ಕಕ್ಕೇ ಇಲ್ಲ. ಎಷ್ಟೋ ಸಲ ಮುಳ್ಳು ಚುಚ್ಚಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಒಡೆದ ಬಾಟಲಿ ಗಾಜು ಟೈರನ್ನು ಸೀಳಿದರೆ ಮಾತ್ರ ಸೀಲಂಟ್ ಕೈಚೆಲ್ಲುತ್ತದೆ.

ಇನ್ನೊಂದು ಲಾಭ ಗಾಳಿಯ ಒತ್ತಡದ್ದು. ನನಗೆ ಮುಳ್ಳಿನಷ್ಟೇ ಮುಖ್ಯ ಇದು. ಟ್ಯೂಬ್ ಇದ್ದಾಗ ಗಾಳಿ ಕಮ್ಮಿ ಇಟ್ಟು ಕಲ್ಲಿಗೆ ಗುದ್ದಿದರೆ, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತಾಗುತ್ತದೆ. ಆ ಭಯಕ್ಕೆ 35, 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆದುಕೊಂಡು ಓಡಾಡುತ್ತೇವೆ. ಅಷ್ಟು ಗಾಳಿ ಇದ್ದರೆ ಚಕ್ರ ಕಲ್ಲಿನ ಮೇಲೆ ಕುಣಿಯುತ್ತದೆ, ಹಿಡಿತ ಸಿಗುವುದಿಲ್ಲ, ಕೈ ಜೋಮು ಹಿಡಿಯುತ್ತದೆ. ಟ್ಯೂಬೇ ಇಲ್ಲದಿದ್ದರೆ ಜೋಡಿ ತೂತಿನ ಮಾತೇ ಇಲ್ಲ. 22, 25 ಪಿಎಸ್‌ಐಗೆ ಇಳಿಸಬಹುದು. ಕುಂತಿಬೆಟ್ಟದ ಬುಡದ ಸಡಿಲ ಜಲ್ಲಿಯಲ್ಲಿ ಇದರ ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

ತೂಕ ಕಡಿಮೆ ಆಗುತ್ತದೆ ಎಂಬ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. 29 ಇಂಚಿನ ಟ್ಯೂಬು ಸುಮಾರು 200 ಗ್ರಾಂ. ಸೀಲಂಟ್, ಟೇಪು, ವಾಲ್ವು ಸೇರಿ 120ರಿಂದ 140 ಗ್ರಾಂ ಆಗುತ್ತದೆ. ಉಳಿಯುವುದು ಚಕ್ರಕ್ಕೆ ನೂರು ಗ್ರಾಂಗಿಂತ ಕಮ್ಮಿ.

ಮೊದಲು ರಿಮ್ಮು ನೋಡಿ

ಎಲ್ಲ ನಿರ್ಧಾರವಾಗುವುದು ಇಲ್ಲಿ. ಟೈರು, ಟ್ಯೂಬು ಬಿಚ್ಚಿ, ಒಳಗಿನ ರಬ್ಬರ್ ಪಟ್ಟಿ ತೆಗೆದು, ರಿಮ್ಮನ್ನು ಬೆಳಕಿಗೆ ಹಿಡಿಯಿರಿ.

ಕಡ್ಡಿಯ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ತಲೆಗಳು ನೇರವಾಗಿ ಒಳಮೈಯಲ್ಲೇ ಕಾಣುತ್ತಿದ್ದರೆ ಅದು ಒಂಟಿ ಗೋಡೆಯ ರಿಮ್ಮು. ಕಮ್ಮಿ ಬೆಲೆಯ ಮೌಂಟೇನ್ ಬೈಕುಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಇದನ್ನು ಟ್ಯೂಬ್‌ಲೆಸ್ ಮಾಡಲು ಹೋಗಬೇಡಿ. ಟೇಪು ಸಮನಾಗಿ ಕೂರುವುದಿಲ್ಲ, ಟೈರಿನ ಅಂಚು ಗಟ್ಟಿಯಾಗಿ ಹಿಡಿಯುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಟೈರು ಕಳಚಿದರೆ ಮೈಕೈ ಉಳಿಯುವುದು ಕಷ್ಟ.

ಎರಡು ಗೋಡೆಯ ರಿಮ್ಮಾದರೆ ಒಳಗೋಡೆಯಲ್ಲಿ ದೊಡ್ಡ ತೂತುಗಳಿದ್ದು, ನಿಪ್ಪಲ್ ಆಳದಲ್ಲಿ ಕಾಣುತ್ತದೆ. ಈಗ ಅಂಚಿನ ಆಕಾರ ನೋಡಿ. ನಡುವೆ ಒಂದು ಆಳದ ಕಾಲುವೆ, ಎರಡೂ ಬದಿಯಲ್ಲಿ ಟೈರಿನ ಅಂಚು ಕೂರಲು ಸಪಾಟಾದ ಜಗಲಿ, ಜಗಲಿ ಮತ್ತು ಕಾಲುವೆ ನಡುವೆ ಸಣ್ಣ ಏಣು ಇದ್ದರೆ ಅದು ಟ್ಯೂಬ್‌ಲೆಸ್‌ಗೆಂದೇ ಮಾಡಿದ ರಿಮ್ಮು. ಗಾಳಿ ಕಮ್ಮಿಯಾದರೂ ಟೈರು ಒಳಗೆ ಜಾರದಂತೆ ತಡೆಯುವುದು ಆ ಏಣು. ಹೊರಗಡೆ ಸ್ಟಿಕರ್ ಮೇಲೆ ಟ್ಯೂಬ್‌ಲೆಸ್ ರೆಡಿ ಎಂದೋ, ಟಿಎಲ್‌ಆರ್, ಟಿಆರ್, ಟಿಸಿಎಸ್ ಎಂದೋ ಬರೆದಿರುತ್ತದೆ. ಬರಹ ಇಲ್ಲದಿದ್ದರೆ ರಿಮ್ಮಿನ ಮಾಡೆಲ್ ಹೆಸರು ಹಿಡಿದು ತಯಾರಕರ ಪುಟದಲ್ಲಿ ಹುಡುಕಿ. ಎರಡು ಗೋಡೆ ಇದ್ದರೂ ಏಣು ಇಲ್ಲದ ರಿಮ್ಮನ್ನು ಕೆಲವರು ಟೇಪಿನ ಪದರದ ಮೇಲೆ ಪದರ ಸುತ್ತಿ ಹೇಗೋ ಹೊಂದಿಸುತ್ತಾರೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೇಲುಕೋಟೆ ಇಳಿಜಾರಿನಲ್ಲಿ ನಂಬಿ ಕೂರುವ ಚಕ್ರ ಅದು.

ಇನ್ನು ವಾಲ್ವಿನ ತೂತು. ಸಪೂರ ಪ್ರೆಸ್ಟಾ ವಾಲ್ವಿಗೆ ತೂತು 6.5 ಮಿ.ಮೀ., ಸ್ಕೂಟರ್‌ನಲ್ಲಿರುವಂಥ ಶ್ರೇಡರ್ ವಾಲ್ವಿಗೆ 8.5 ಮಿ.ಮೀ. ನಮ್ಮಲ್ಲಿ ಮಾರುವ ಎಷ್ಟೋ ಸೈಕಲ್‌ಗಳಲ್ಲಿ ದೊಡ್ಡ ತೂತೇ ಇರುತ್ತದೆ. ಹಾಗಿದ್ದರೆ ಶ್ರೇಡರ್ ಅಳತೆಯ ಟ್ಯೂಬ್‌ಲೆಸ್ ವಾಲ್ವನ್ನೇ ಕೇಳಿ ತಗೊಳ್ಳಿ. ಸಪೂರ ವಾಲ್ವನ್ನು ದೊಡ್ಡ ತೂತಿಗೆ ಸುಮ್ನೆ ತುರುಕಿದರೆ ಅಲ್ಲಿಂದ ಗಾಳಿ ಸೋರುತ್ತಲೇ ಇರುತ್ತದೆ.

ರಿಮ್ಮು ಒಗ್ಗದಿದ್ದರೆ ಹೊಸ ಚಕ್ರ ತಗೋಬೇಕೇ? ಸೈಕಲ್ ಬೆಲೆಯ ಮುಕ್ಕಾಲು ಪಾಲು ಚಕ್ರಕ್ಕೇ ಸುರಿಯುವುದು ಬೇಡ ಅನ್ನುತ್ತೇನೆ. ಅದರ ಬದಲು, ಬಿಚ್ಚುವ ವಾಲ್ವ್ ಕೋರ್ (ವಾಲ್ವಿನೊಳಗೆ ಗಾಳಿ ತಡೆಯುವ ಪುಟ್ಟ ಭಾಗ) ಇರುವ ಟ್ಯೂಬು ಹಾಕಿ, ಅದರೊಳಗೇ ಸೀಲಂಟ್ ತುಂಬಿಸಿ. ನೆಗ್ಗಿಲು ಮುಳ್ಳಿಗೆ ಇದೂ ಸಾಕಷ್ಟು ಕೆಲಸ ಮಾಡುತ್ತದೆ. ಗಾಳಿ ಕಮ್ಮಿ ಇಡುವ ಲಾಭ ಮಾತ್ರ ಸಿಗುವುದಿಲ್ಲ.

ಏನೇನು ಬೇಕು

ಟೈರಿನ ಮೇಲೂ ಟ್ಯೂಬ್‌ಲೆಸ್ ರೆಡಿ ಎಂಬ ಗುರುತು ಇರಬೇಕು. ಮ್ಯಾಕ್ಸಿಸ್‌ನಲ್ಲಿ ಟಿಆರ್, ಸ್ಪೆಷಲೈಸ್ಡ್‌ನಲ್ಲಿ ಟು ಬ್ಲಿಸ್ (2Bliss) ರೆಡಿ, ಹೀಗೆ ಒಬ್ಬೊಬ್ಬರದು ಒಂದೊಂದು ಗುರುತು. ತಂತಿ ಅಂಚಿನ ಸಾದಾ ಟೈರನ್ನು ಇದಕ್ಕೆ ಬಳಸಬೇಡಿ. ಅಳತೆಯನ್ನು ಇಂಚಿನಲ್ಲಿ ಮಾತ್ರ ನೋಡದೆ ಟೈರಿನ ಬದಿಯ ಸಣ್ಣ ಅಂಕಿಯನ್ನೂ ನೋಡಿ. 26 ಇಂಚಿಗೆ 559, 27.5ಕ್ಕೆ 584, 29ಕ್ಕೆ 622. ಖರ್ಚಿನಲ್ಲಿ ದೊಡ್ಡದು ಟೈರೇ. ಈಗಿರುವ ಟೈರೇ ಟ್ಯೂಬ್‌ಲೆಸ್ ರೆಡಿ ಆಗಿದ್ದರೆ ಉಳಿದದ್ದು ಹಗುರ.

ಟೇಪಿನ ಅಗಲ ರಿಮ್ಮಿನ ಒಳ ಅಗಲಕ್ಕಿಂತ ಎರಡು ಮೂರು ಮಿ.ಮೀ. ಜಾಸ್ತಿ ಇರಲಿ. ಒಳ ಅಗಲ 25 ಮಿ.ಮೀ. ಇದ್ದರೆ 27 ಅಥವಾ 28ರ ಟೇಪು. ಎಲೆಕ್ಟ್ರಿಕ್ ಕೆಲಸದ ಕಪ್ಪು ಟೇಪು ಆಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಏಪ್ರಿಲ್ ಬಿಸಿಲಿಗೆ ಅದರ ಅಂಟು ಕರಗಿ ಟೇಪು ಜರುಗುತ್ತದೆ.

ಸೀಲಂಟ್ ತಗೊಳ್ಳುವಾಗ ಲೇಟೆಕ್ಸ್ ಇರುವ ಸೈಕಲ್ ಸೀಲಂಟ್ ಎಂದೇ ಕೇಳಿ. ಸ್ಕೂಟರ್ ಟೈರಿಗೆ ಹಾಕುವ ದ್ರವ ಬೇರೆ, ಅದು ದಪ್ಪ ಟೈರಿಗೆ ಮಾಡಿದ್ದು. ಇನ್ನು ಸೀಲಂಟ್ ಹಾಕಲು ಸಿರಿಂಜು, ವಾಲ್ವ್ ಕೋರ್ ಬಿಚ್ಚುವ ಪುಟ್ಟ ಸಾಧನ, ಪ್ಲಾಸ್ಟಿಕ್ ಟೈರ್ ಲಿವರ್, ಮೆಡಿಕಲ್ ಶಾಪಿನ ಸ್ಪಿರಿಟ್, ಒಂದು ಬಟ್ಟೆ, ಸೋಪಿನ ನೀರು. ಪ್ರೆಸ್ಟಾ ವಾಲ್ವ್ ಆದರೆ ಪೆಟ್ರೋಲ್ ಬಂಕಿನ ಪೈಪಿಗೆ ಹೊಂದುವ ಹಿತ್ತಾಳೆ ಅಡಾಪ್ಟರ್ ಒಂದು ಜೇಬಲ್ಲಿರಲಿ.

ಕೆಲಸ ಶುರು

1. ಶುಚಿ ಮಾಡುವುದು. ರಿಮ್ಮಿನ ಒಳಗನ್ನು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಹಳೆಯ ಅಂಟು, ಎಣ್ಣೆ, ಕೆಂಪು ಧೂಳು ಏನೂ ಉಳಿಯಬಾರದು. ತೂತುಗಳ ಅಂಚು ಚೂಪಾಗಿದ್ದರೆ ಮರಳು ಕಾಗದದಿಂದ ನಯ ಮಾಡಿ. ಗಾಳಿ ಸೋರುವ ದೂರುಗಳಲ್ಲಿ ಹೆಚ್ಚಿನವು ಈ ಹಂತದ ಅವಸರದಿಂದಲೇ ಬರುತ್ತವೆ. ಅರ್ಧ ಗಂಟೆ ಹಿಡಿದರೂ ಸರಿ, ನಿಧಾನವಾಗಿ ಮಾಡಿ.

2. ಟೇಪು ಸುತ್ತುವುದು. ವಾಲ್ವ್ ತೂತಿನಿಂದ ಒಂದು ಗೇಣು ಈಚೆ ಶುರು ಮಾಡಿ. ಟೇಪನ್ನು ಬಿಗಿಯಾಗಿ ಎಳೆದು ಹಿಡಿದು, ಒಂದೊಂದು ಗೇಣಿಗೂ ಹೆಬ್ಬೆರಳಿಗೆ ಬಟ್ಟೆ ಸುತ್ತಿ ನಡುವಿನ ಕಾಲುವೆಗೆ ಒತ್ತುತ್ತಾ ಹೋಗಿ. ಒಂದು ಸುತ್ತು ಮುಗಿದ ಮೇಲೆ ವಾಲ್ವ್ ತೂತನ್ನು ದಾಟಿ ಇನ್ನೊಂದು ಗೇಣು ಮುಂದೆ ತಂದು ಕತ್ತರಿಸಿ. ಆಗ ವಾಲ್ವಿನ ಜಾಗದಲ್ಲಿ ಎರಡು ಪದರ ಸಿಗುತ್ತದೆ. ಟೇಪಿನ ಎರಡೂ ಅಂಚು ಜಗಲಿಯನ್ನು ಪೂರ್ತಿ ಮುಚ್ಚಿರಬೇಕು. ಗುಳ್ಳೆ, ಮಡಿಕೆ ಇದ್ದರೆ ಬಿಚ್ಚಿ ಹೊಸ ಟೇಪು ಸುತ್ತಿ. ಮಡಿಕೆಯ ಸಂದಿಯಲ್ಲಿ ಸೀಲಂಟ್ ನುಗ್ಗಿದರೆ ಆಮೇಲೆ ಇಡೀ ಟೇಪು ಏಳುತ್ತದೆ.

ಇಲ್ಲಿ ಒಂದು ಉಪಾಯ ಇದೆ. ಟೇಪು ಸುತ್ತಿದ ಮೇಲೆ ಹಳೆಯ ಟ್ಯೂಬು ಹಾಕಿ, ಟೈರು ಏರಿಸಿ, 35 ಪಿಎಸ್‌ಐ ಗಾಳಿ ಹೊಡೆದು ಒಂದು ರಾತ್ರಿ ಬಿಡಿ. ವಾಲ್ವ್ ಹೋಗುವಷ್ಟು ತೂತು ಮೊದಲೇ ಮಾಡಿಕೊಂಡಿರಿ. ಟ್ಯೂಬು ಟೇಪನ್ನು ಎಲ್ಲ ಕಡೆ ಸಮನಾಗಿ ಒತ್ತಿ ಕೂರಿಸುತ್ತದೆ. ಬೆಳಿಗ್ಗೆ ಟೈರಿನ ಒಂದೇ ಬದಿ ಬಿಚ್ಚಿ ಟ್ಯೂಬನ್ನು ಎಳೆದುಕೊಳ್ಳಿ. ಇನ್ನೊಂದು ಬದಿ ಆಗಲೇ ಜಗಲಿ ಮೇಲೆ ಕೂತಿರುತ್ತದೆ. ಗಾಳಿ ಹೊಡೆಯುವಾಗ ಅರ್ಧ ಕಷ್ಟ ಕಳೆಯಿತು. ಮನೆಯಲ್ಲಿ ಕಂಪ್ರೆಸರ್ ಇಲ್ಲದವರು ಇದನ್ನು ಬಿಡಲೇಬೇಡಿ.

3. ವಾಲ್ವು. ತೂತನ್ನು ಬ್ಲೇಡಿನಿಂದ ಕುಯ್ಯಬೇಡಿ, ಕುಯ್ದ ಗೆರೆ ಮುಂದೆ ಹರಿಯುತ್ತದೆ. ಚೂಪಾದ ಮೊಳೆಯನ್ನು ಕಾಯಿಸಿ ಚುಚ್ಚಿ. ಅಂಚು ಕರಗಿ ದುಂಡಗೆ ನಿಲ್ಲುತ್ತದೆ. ವಾಲ್ವನ್ನು ಒಳಗಿನಿಂದ ಒತ್ತಿ, ಹೊರಗಿನ ನಟ್ಟನ್ನು ಕೈಯಲ್ಲೇ ಬಿಗಿಯಿರಿ. ಕಟಿಂಗ್ ಪ್ಲೇಯರ್ ಹಾಕಿ ಬಿಗಿದರೆ ದಾರಿಯಲ್ಲಿ ಟ್ಯೂಬು ಹಾಕಬೇಕಾದಾಗ ಬಿಚ್ಚೋಕೆ ಆಗುವುದಿಲ್ಲ.

4. ಟೈರು ಏರಿಸುವುದು. ತಿರುಗುವ ದಿಕ್ಕಿನ ಬಾಣದ ಗುರುತು ನೋಡಿಕೊಳ್ಳಿ. ಅಂಚನ್ನು ನಡುಕಾಲುವೆಗೆ ಇಳಿಸುತ್ತಾ ಬನ್ನಿ, ಕೊನೆಯ ತುಂಡು ವಾಲ್ವಿನ ಹತ್ತಿರ ಮುಗಿಯಲಿ. ಕಬ್ಬಿಣದ ಲಿವರ್ ಬೇಡ, ಟೇಪು ಹರಿಯುತ್ತದೆ.

5. ಒಣ ಟೈರನ್ನು ಕೂರಿಸುವುದು. ಸೀಲಂಟ್ ಇನ್ನೂ ಹಾಕಬೇಡಿ. ಟೈರಿನ ಅಂಚಿಗೆ ಸೋಪಿನ ನೀರು ಸವರಿ. ವಾಲ್ವ್ ಕೋರ್ ಬಿಚ್ಚಿ, ಆಗ ಗಾಳಿ ಜೋರಾಗಿ ಒಳಗೆ ಹೋಗುತ್ತದೆ. ಒಳ್ಳೆಯ ಫ್ಲೋರ್ ಪಂಪ್ (ನೆಲದ ಮೇಲಿಟ್ಟು ಹೊಡೆಯುವ ಪಂಪು) ಇದ್ದರೆ ಕೆಲವು ಟೈರುಗಳು ಅದರಲ್ಲೇ ಕೂರುತ್ತವೆ. ಇಲ್ಲದಿದ್ದರೆ ಚಕ್ರ ತಗೊಂಡು ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ. ಕೋರ್ ಬಿಚ್ಚಿದ ಪ್ರೆಸ್ಟಾ ವಾಲ್ವಿಗೆ ಅಡಾಪ್ಟರ್ ನಿಲ್ಲುವುದಿಲ್ಲ. ಧೂಳು ಊದುವ ನಳಿಗೆಯನ್ನು ವಾಲ್ವಿನ ಬಾಯಿಗೆ ಒತ್ತಿ ಹಿಡಿಯಬೇಕು. ಅಂಗಡಿಯ ಟ್ಯಾಂಕಿನಲ್ಲಿ ಲಾರಿ ಟೈರಿಗೆ ಬೇಕಾದಷ್ಟು ಒತ್ತಡ ಇರುತ್ತದೆ. ಹಾಗಾಗಿ "ಅಣ್ಣಾ, ಸ್ವಲ್ಪ ಸ್ವಲ್ಪವೇ ಬಿಡಿ" ಎಂದು ಮೊದಲೇ ಹೇಳಿ. ಟಪ್ ಟಪ್ ಎಂದು ಜೋರಾಗಿ ಸದ್ದು ಬರುತ್ತದೆ. ಅಂಚು ಜಗಲಿಗೆ ಏರುವ ಸದ್ದು ಅದು, ಹೆದರಬೇಡಿ. 40 ಪಿಎಸ್‌ಐ ಒಳಗೇ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಟೈರಿನ ಮೇಲೂ ರಿಮ್ಮಿನ ಮೇಲೂ ಬರೆದ ಗರಿಷ್ಠ ಒತ್ತಡಗಳಲ್ಲಿ ಯಾವುದು ಕಮ್ಮಿಯೋ ಅದನ್ನು ದಾಟಲೇಬೇಡಿ. ಮುಖ ಚಕ್ರದಿಂದ ದೂರ ಇರಲಿ.

ಟೈರಿನ ಬದಿಯಲ್ಲಿ ರಿಮ್ಮಿಗೆ ಹತ್ತಿಕೊಂಡಂತೆ ಒಂದು ಸಣ್ಣ ಗೆರೆ ಇರುತ್ತದೆ. ಚಕ್ರ ತಿರುಗಿಸಿ ನೋಡಿ. ಸುತ್ತಲೂ ಆ ಗೆರೆ ರಿಮ್ಮಿನಿಂದ ಒಂದೇ ದೂರದಲ್ಲಿದ್ದರೆ ಟೈರು ಸರಿಯಾಗಿ ಕೂತಿದೆ. ಎಲ್ಲಾದರೂ ಒಳಗೆ ಮುಳುಗಿದ್ದರೆ ಗಾಳಿ ಇಳಿಸಿ, ಅಲ್ಲಿ ಇನ್ನಷ್ಟು ಸೋಪಿನ ನೀರು ಹಚ್ಚಿ ಮತ್ತೆ ಹೊಡೆಯಿರಿ.

6. ಸೀಲಂಟ್. ಬಾಟಲಿಯನ್ನು ಚೆನ್ನಾಗಿ ಕುಲುಕಿ. ತಳದಲ್ಲಿ ಕೂತ ಕಣಗಳೇ ತೂತು ಮುಚ್ಚುವುದು. 26 ಇಂಚಿಗೆ 80 ಎಂ.ಎಲ್., 27.5ಕ್ಕೆ 90ರಿಂದ 100, 29ಕ್ಕೆ 100ರಿಂದ 120. ನಮ್ಮ ಮುಳ್ಳಿಗೆ ಇದರಲ್ಲಿ ಜಾಸ್ತಿ ಇರುವ ಅಳತೆಯೇ ಒಳ್ಳೆಯದು. ವಾಲ್ವನ್ನು ಕೆಳಭಾಗದ ಒಂದು ಪಕ್ಕಕ್ಕೆ ತಂದು ಸಿರಿಂಜಿನಲ್ಲಿ ನಿಧಾನವಾಗಿ ಬಿಡಿ. ಕೋರ್ ಮತ್ತೆ ಹಾಕಿ 30 ಪಿಎಸ್‌ಐ ಹೊಡೆಯಿರಿ. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ತಿರುಗಿಸಿ. ಆಮೇಲೆ ಒಂದು ಬಕೆಟ್ ಮೇಲೆ ಅಡ್ಡ ಮಲಗಿಸಿ, ಹತ್ತು ನಿಮಿಷಕ್ಕೆ ಮಗ್ಗುಲು ಬದಲಿಸಿ. ಟೈರಿನ ಬದಿಯಲ್ಲಿ ಬಿಳಿ ಚುಕ್ಕೆಗಳು ಬೆವರಿದಂತೆ ಕಾಣುತ್ತವೆ. ಹೊಸ ಟೈರಿನಲ್ಲಿ ಅದು ಸಹಜ.

7. ಕೂಡಲೇ ಓಡಿಸಿ. ಸೀಲಂಟ್ ಎಲ್ಲ ಮೂಲೆಗೂ ಹೋಗುವುದು ಓಡಿಸಿದಾಗಲೇ. ಲಲಿತಾದ್ರಿಪುರದ ಕಡೆ ಹೋಗಿ ಬನ್ನಿ, ಇಲ್ಲವೇ ಮನೆ ಸುತ್ತಿನ ರಸ್ತೆಗಳಲ್ಲೇ ಅರ್ಧ ಗಂಟೆ ತಿರುಗಿ. ಮರುದಿನ ಬೆಳಿಗ್ಗೆ ಸ್ವಲ್ಪ ಗಾಳಿ ಇಳಿದಿದ್ದರೆ ಮತ್ತೆ ಹೊಡೆದು ಓಡಿಸಿ. ಎರಡು ಮೂರು ದಿನ ಕಳೆದರೂ ನಿಲ್ಲದಿದ್ದರೆ ಚಕ್ರವನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಕಡ್ಡಿಯ ಬುಡದಿಂದ ಬಂದರೆ ತಪ್ಪು ಟೇಪಿನಲ್ಲಿ ಅಥವಾ ವಾಲ್ವಿನ ಬುಡದಲ್ಲಿ. ಇನ್ನಷ್ಟು ಸೀಲಂಟ್ ಸುರಿದು ಇದನ್ನು ಮುಚ್ಚಲು ಹೋಗಬೇಡಿ, ಟೇಪೇ ಹೊಸದಾಗಿ ಸುತ್ತಬೇಕು.

ಗಾಳಿ ಎಷ್ಟು ಇರಲಿ

70 ಕೆ.ಜಿ. ತೂಕದವರು, 2.25 ಇಂಚು ಅಗಲದ ಟೈರಾದರೆ, ಮುಂದೆ 23, ಹಿಂದೆ 26 ಪಿಎಸ್‌ಐನಿಂದ ಶುರು ಮಾಡಿ. ತೂಕ ಜಾಸ್ತಿ ಇದ್ದರೆ, ಟೈರು ಸಪೂರ ಇದ್ದರೆ ಎರಡು ಮೂರು ಪಿಎಸ್‌ಐ ಏರಿಸಿ. ಒಂದು ಸವಾರಿಗೆ ಒಂದೊಂದೇ ಪಿಎಸ್‌ಐ ಇಳಿಸುತ್ತಾ ನೋಡಿ. ತಿರುವಿನಲ್ಲಿ ಟೈರು ಅತ್ತಿತ್ತ ವಾಲಿದಂತೆ ಅನಿಸಿದರೆ, ಪುಸ್ ಎಂದು ಗಾಳಿ ಹಾರಿದರೆ, ಕಲ್ಲಿಗೆ ರಿಮ್ಮು ಠಣ್ ಎಂದರೆ ಇಳಿಸಿದ್ದು ಜಾಸ್ತಿಯಾಯಿತು. ಟ್ಯೂಬ್ ತೂತಾಗುವ ಭಯ ಹೋದರೂ ರಿಮ್ಮು ಡೊಂಕಾಗುವ ಭಯ ಹಾಗೇ ಇರುತ್ತದೆ. ಮಂಡ್ಯ ಕಡೆಯ ಕಬ್ಬಿನ ಗದ್ದೆ ದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರದ ಆಳ ಜಾಡು ಒಣಗಿ ಕಲ್ಲಾಗಿರುತ್ತದೆ, ಅಲ್ಲಿ ಸ್ವಲ್ಪ ಜಾಸ್ತಿಯೇ ಇರಲಿ. ಅಂಕಿ ತೋರಿಸುವ ಸಣ್ಣ ಗೇಜು ಒಂದು ತಗೊಳ್ಳಿ. ಹೆಬ್ಬೆರಳಲ್ಲಿ ಒತ್ತಿ ನೋಡುವ ಅಂದಾಜು ಇಲ್ಲಿ ನಡೆಯುವುದಿಲ್ಲ.

ಬಿಸಿಲು ಮತ್ತು ನಿಂತ ಸೈಕಲ್

ಟ್ಯೂಬ್‌ಲೆಸ್‌ಗೆ ಆರೈಕೆ ಬೇಕು. ಸೀಲಂಟ್ ನಿಧಾನವಾಗಿ ಒಣಗುತ್ತದೆ, ಬಿಸಿ ಜಾಸ್ತಿಯಾದಷ್ಟೂ ಬೇಗ. ಬಾಟಲಿ ಮೇಲೆ ಆರು ತಿಂಗಳು ಎಂದು ಬರೆದಿದ್ದರೂ ನಮ್ಮ ಮಾರ್ಚ್, ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಅಷ್ಟು ನಂಬಬೇಡಿ. ಎರಡು ತಿಂಗಳಿಗೊಮ್ಮೆ ನೋಡಿ. ಚಕ್ರ ಬಿಚ್ಚಿ ಕಿವಿ ಹತ್ತಿರ ಕುಲುಕಿದರೆ ಒಳಗೆ ದ್ರವ ಆಡುವ ಸದ್ದು ಕೇಳಬೇಕು. ಕೇಳದಿದ್ದರೆ ವಾಲ್ವಿನಿಂದಲೇ 50, 60 ಎಂ.ಎಲ್. ಸೇರಿಸಿ. ವರ್ಷಕ್ಕೊಮ್ಮೆ ಟೈರು ಬಿಚ್ಚಿ, ಒಣಗಿದ ರಬ್ಬರ್ ಉಂಡೆಗಳನ್ನು ತೆಗೆದು, ಹೊಸ ಸೀಲಂಟ್ ಹಾಕಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಸೈಕಲನ್ನು ಗಂಟೆಗಟ್ಟಲೆ ಬಿಡಬೇಡಿ.

ತಿಂಗಳುಗಟ್ಟಲೆ ನಿಲ್ಲುವ ಸೈಕಲ್‌ಗೆ ಬೇಡ ಎಂದಿದ್ದು ಇದಕ್ಕೇ. ಸೀಲಂಟ್ ಎಲ್ಲ ಕೆಳಗೆ ಒಂದೇ ಕಡೆ ಕೂತು ಅಲ್ಲೇ ಗಟ್ಟಿಯಾಗುತ್ತದೆ. ಗಾಳಿಯೂ ಇಳಿದು ಟೈರಿನ ಅಂಚು ಜಗಲಿ ಬಿಡುತ್ತದೆ. ಮತ್ತೆ ಪಂಕ್ಚರ್ ಅಂಗಡಿ, ಮತ್ತೆ ಸೋಪಿನ ನೀರು. ಪರೀಕ್ಷೆ, ಮದುವೆ, ಮಳೆ ಎಂದು ಕೆಲವು ವಾರ ಸೈಕಲ್ ಹತ್ತಲು ಆಗದಿದ್ದರೆ, ವಾರಕ್ಕೊಮ್ಮೆ ಚಕ್ರ ತಿರುಗಿಸಿ ಗಾಳಿ ನೋಡಿದರೂ ಸಾಕು.

ದಾರಿಯಲ್ಲಿ ಮುಳ್ಳು ಕಂಡರೆ

ಟೈರಿನಲ್ಲಿ ಮುಳ್ಳು ಸಿಕ್ಕಿದೆ, ಆದರೆ ಗಾಳಿ ಹೋಗುತ್ತಿಲ್ಲ ಎಂದಾದರೆ ಅಲ್ಲೇ ಕೀಳಬೇಡಿ. ಮನೆಗೆ ಬಂದು, ಪಂಪು ಪಕ್ಕದಲ್ಲಿಟ್ಟುಕೊಂಡು ಕಿತ್ತು, ತೂತನ್ನು ಕೆಳಕ್ಕೆ ತಿರುಗಿಸಿ. ಸೀಲಂಟ್ ಅಲ್ಲಿ ಸೇರಿ ಮುಚ್ಚುತ್ತದೆ. ದಾರಿಯಲ್ಲೇ ಗಾಳಿ ಹೋಗುತ್ತಿದ್ದರೆ ಮುಳ್ಳು ತೆಗೆದು, ತೂತು ಕೆಳಗೆ ಬರುವಂತೆ ಚಕ್ರ ನಿಲ್ಲಿಸಿ ಒಂದು ನಿಮಿಷ ಕಾಯಿರಿ. ನಿಲ್ಲದಿದ್ದರೆ ಸೈಕಲ್ ಟೈರಿನ ಸಪೂರ ಪ್ಲಗ್ (ರಬ್ಬರ್ ಬತ್ತಿ) ತುರುಕಿ. ಪಂಕ್ಚರ್ ಅಂಗಡಿಯಲ್ಲಿ ಸ್ಕೂಟರ್‌ಗೆ ಹಾಕುವ ದಪ್ಪ ಬತ್ತಿ ಮತ್ತು ದಪ್ಪ ಸೂಜಿ ನಮ್ಮ ತೆಳು ಟೈರಿನಲ್ಲಿ ತೂತನ್ನೇ ದೊಡ್ಡದು ಮಾಡುತ್ತವೆ, ಅದನ್ನು ಒಪ್ಪಬೇಡಿ. ಗಾಳಿ ತುಂಬಲು ಕೈಪಂಪು ಇರಲಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಿದರೆ ಕೆಲವು ಸೀಲಂಟ್‌ಗಳು ಒಳಗೇ ಗಡ್ಡೆ ಕಟ್ಟುತ್ತವೆ.

ಒಂದು ಟ್ಯೂಬು ಸದಾ ಬ್ಯಾಗಿನಲ್ಲಿರಲಿ. ಟೈರು ಸೀಳಿದರೆ ಕೊನೆಗೆ ಅದೇ ಗತಿ. ವಾಲ್ವಿನ ನಟ್ಟು ಬಿಚ್ಚಿ, ವಾಲ್ವು ತೆಗೆದು ಜೇಬಿಗೆ ಹಾಕಿಕೊಳ್ಳಿ. ಸೀಳು ಉದ್ದವಾಗಿದ್ದರೆ ಒಳಗಿನಿಂದ ದಪ್ಪ ಪ್ಲಾಸ್ಟಿಕ್ ಚೂರೋ ಹಳೆ ಟೈರಿನ ತುಂಡೋ ಇಟ್ಟು ಆಮೇಲೆ ಟ್ಯೂಬು ಹಾಕಿ. ಅದಕ್ಕೂ ಮೊದಲು ಟೈರಿನ ಒಳಗನ್ನು ಬಟ್ಟೆಯಿಂದ ಸುತ್ತಲೂ ಒರೆಸಿ ನೋಡಿ, ಬರಿಗೈ ಹಾಕಬೇಡಿ. ತಿಂಗಳುಗಳಿಂದ ಸೀಲಂಟ್ ಸದ್ದಿಲ್ಲದೆ ಮುಚ್ಚಿಕೊಂಡು ಬಂದ ನೆಗ್ಗಿಲು, ಜಾಲಿ ತುದಿಗಳೆಲ್ಲ ಅಲ್ಲಿ ನಿಂತಿರುತ್ತವೆ. ಒಂದು ಉಳಿದರೂ ಹೊಸ ಟ್ಯೂಬು ನೂರು ಮೀಟರ್ ಹೋಗುವುದಿಲ್ಲ. ಬಟ್ಟೆಗೆ ಸಿಕ್ಕಿಕೊಂಡ ಕಡೆಯೆಲ್ಲ ಮುಳ್ಳನ್ನು ಹೊರಗಿನಿಂದ ಎಳೆದು ತೆಗೆಯಿರಿ. ಹೊರಗೆ ಮುರಿದು ಹೋಗಿದ್ದರೆ ಒಳಗಿನಿಂದ ಕಲ್ಲಿಗೆ ಉಜ್ಜಿ ಮೊಂಡು ಮಾಡಿ.